ಬಾಣಂತನಕ್ಕೆ ಜರ್ಮನಿಗೆ ಹೋಗಿ ಸಿಮ್ ಕಾರ್ಡಿಗೆ ಅಲೆದ ಕಥೆ

ಊರಿಗೆ ಬಂದು ಹನ್ನೊಂದು ದಿನವಾಯಿತು. ಮನೆಗೆ ಬಂದವರೆಲ್ಲ ಮೊಮ್ಮಗಳ ಫೋಟೋ ನೋಡುತ್ತಾರೆ, ನನ್ನ ಹೆಂಡತಿ ಶಾರದಾ ಕೊಟ್ಟ ಕಾಫಿ ಕುಡಿಯುತ್ತಾರೆ, ಆಮೇಲೆ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳುತ್ತಾರೆ. "ಅಲ್ಲಿ ಫೋನಿಗೆ ಏನು ಮಾಡಿದ್ರಿ ಮೇಷ್ಟ್ರೇ?" ನಮ್ಮ ಸಾಗರದಲ್ಲಿ ಈಗ ಬೀದಿಗೊಬ್ಬರು ಬಾಣಂತನಕ್ಕೆ ಅಂತ ಹೊರದೇಶಕ್ಕೆ ಹೊರಟಿರುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ನೋಯಿತು. ಬರೆದಿಟ್ಟರೆ ಇನ್ನು ಮೇಲೆ ಓದಿಕೊಳ್ಳಿ ಅನ್ನಬಹುದು.

ಮಗಳು ಅಳಿಯ ಇರುವುದು ಜರ್ಮನಿಯ ಫ್ರೈಬುರ್ಗ್‌ನಲ್ಲಿ. ದೇಶದ ನೈಋತ್ಯ ಮೂಲೆಯ ಊರು. ಒಂದು ಕಡೆ ಫ್ರಾನ್ಸ್ ಹತ್ತಿರ, ಇನ್ನೊಂದು ಕಡೆ ಸ್ವಿಟ್ಜರ್ಲೆಂಡ್ ಹತ್ತಿರ. ಇದು ಮುಂದೆ ಕಥೆಗೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ನಾವು ಮೇ ಮಧ್ಯದಲ್ಲಿ ಹೋಗಿ ಆಗಸ್ಟ್ ಮೊದಲ ವಾರ ಬಂದೆವು. ಷೆಂಗೆನ್ ವೀಸಾದಲ್ಲಿ, ಅಂದರೆ ಯುರೋಪಿನ ಬಹಳಷ್ಟು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾದಲ್ಲಿ, 180 ದಿನಗಳೊಳಗೆ 90 ದಿನ ಮಾತ್ರ ಇರಬಹುದು. ಅಷ್ಟನ್ನೂ ಹೆಚ್ಚುಕಡಿಮೆ ಬಳಸಿಕೊಂಡೆವು.

ಈ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರ ಇತ್ತು, ಒಪ್ಪಿಕೊಳ್ಳುತ್ತೇನೆ. ಹಿಂದೊಮ್ಮೆ ಟೂರಿನವರ ಜೊತೆ ಸಿಂಗಪುರಕ್ಕೆ ಹೋಗಿದ್ದೆವು. ಚಾಂಗಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೊಟ್ಟೆ. ಅಲ್ಲಿದ್ದ ಹುಡುಗಿ ಸ್ಕ್ಯಾನ್ ಮಾಡಿ, ಹಳೇ ಸಿಮ್ ತೆಗೆದು, ಹೊಸದು ಹಾಕಿ, ಹಳೇದನ್ನು ಪುಟ್ಟ ಕವರಿಗೆ ಅಂಟಿಸಿ ಕೈಗಿಟ್ಟಳು. ಐದು ನಿಮಿಷದ ಕೆಲಸ. ಎಲ್ಲಾ ದೇಶವೂ ಹೀಗೇ ಅಂದುಕೊಂಡಿದ್ದೆ.

ಅಳಿಯ ಮೊದಲೇ ಹೇಳಿದ್ದರು. "ಮಾವ, ಇಲ್ಲಿ ಸಿಮ್ ಕೊಳ್ಳೋದು ಸುಲಭ, ಚಾಲೂ ಮಾಡೋದು ಕಷ್ಟ. ನಿಮ್ಮ ಫೋನಿಗೆ ಇ-ಸಿಮ್ ಆಗುತ್ತಾ ನೋಡಿ." ಇ-ಸಿಮ್ ಅಂದರೆ ಕಾರ್ಡೇ ಇಲ್ಲದೆ ಫೋನಿನೊಳಗೆ ಇಳಿಸಿಕೊಳ್ಳುವ ಸಿಮ್. ನನ್ನದು ಹಳೇ ಫೋನು, ಆಗಲ್ಲ. ಶಾರದಾ ಫೋನಿಗೆ ಆಗುತ್ತಿತ್ತು. ಆದರೆ ಪ್ರವಾಸಿಗರಿಗೆ ಅಂತ ಮಾರುವ ಇ-ಸಿಮ್‌ಗಳಲ್ಲಿ ಹೆಚ್ಚಿನವು ಬರೀ ಡೇಟಾ ಕೊಡುತ್ತವೆ, ನಂಬರ್ ಕೊಡುವುದಿಲ್ಲ. ವಾಟ್ಸಾಪ್ ಕರೆಗೆ ಸಾಕು. ಆಸ್ಪತ್ರೆಯಿಂದ ಯಾರಾದರೂ ಮಾಮೂಲಿ ಕರೆ ಮಾಡಿದರೆ? ಹೆರಿಗೆಗೆ ಹೋಗುವವರು ನಾವು, ನಂಬರ್ ಇಲ್ಲದೆ ಹೇಗೆ? ಇನ್ನೊಂದು ಮಾತು. ಅನುಮತಿ ಇಲ್ಲದೆ ಇಲ್ಲಿ ಇಂಥ ಇ-ಸಿಮ್ ಮಾರುತ್ತಿದ್ದ ಎರಡು ಹೊರದೇಶದ ಕಂಪನಿಗಳ ಆಪ್‌ಗಳನ್ನು 2024ರ ಜನವರಿಯಲ್ಲಿ ನಮ್ಮ ದೂರಸಂಪರ್ಕ ಇಲಾಖೆ ತೆಗೆಸಿಹಾಕಿತು. ಹಾಗಾಗಿ ಯಾರೋ ಹೇಳಿದ ಆಪ್ ನಿಮಗೆ ಸಿಗದಿದ್ದರೆ ಅದು ನಿಮ್ಮ ಫೋನಿನ ತಪ್ಪಲ್ಲ.

ನಮ್ಮ ಊರಿನ ಸಿಮ್‌ಗೇ ರೋಮಿಂಗ್ ಪ್ಯಾಕ್ ಹಾಕಿಸಿದರೆ ಆಗಲ್ವಾ ಅಂತ ಕೇಳುತ್ತೀರಿ. ಆಗುತ್ತದೆ. ವಾರ, ಹತ್ತು ದಿನದ ಪ್ರವಾಸವಾದರೆ ನಾನೂ ಅದನ್ನೇ ಮಾಡಿ ಅನ್ನುತ್ತೇನೆ, ತಲೆನೋವಿಲ್ಲ. ಆದರೆ ಮೂರು ತಿಂಗಳಿಗೆ, ಇಬ್ಬರಿಗೆ ಲೆಕ್ಕ ಹಾಕಿ ನೋಡಿದೆ. ಗಣಿತ ಮೇಷ್ಟ್ರ ಕೈ, ಸುಮ್ನೆ ಇರುತ್ತದೆಯೇ! ಬಂದ ಮೊತ್ತ ನೋಡಿ ಶಾರದಾ, "ಇಷ್ಟು ದುಡ್ಡಿಗೆ ಮಗುವಿಗೆ ಒಂದು ಬೆಳ್ಳಿ ಉಡಿದಾರ ಬರುತ್ತೆ ಕಣ್ರೀ" ಅಂದಳು. ಅಲ್ಲಿನ ಪ್ರೀಪೇಯ್ಡ್ ಸಿಮ್ಮೇ ಸರಿ ಅಂತ ತೀರ್ಮಾನವಾಯಿತು.

ಹೊರಡುವ ಮುನ್ನ ಒಂದು ಕೆಲಸ ಸರಿಯಾಗಿ ಮಾಡಿದೆ, ಒಂದನ್ನು ಮರೆತೆ. ಮಾಡಿದ್ದು ಬ್ಯಾಂಕಿನ ಕಾರ್ಡಿನ ಕೆಲಸ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮೊದಲೇ ಬಂದ್ ಆಗಿರುತ್ತದೆ. ನಾವಾಗಿ ಚಾಲೂ ಮಾಡಿಸಬೇಕು. ಮರೆತದ್ದು ಸಿಮ್ ವಿಷಯ. ನಮ್ಮ ಭಾರತದ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಚಾಲೂ ಮಾಡಿಸಲಿಲ್ಲ. ಪ್ಯಾಕ್ ಬೇಡವಲ್ಲ, ಮತ್ತೆ ಸೇವೆ ಯಾಕೆ ಅಂದುಕೊಂಡೆ. ಪ್ಯಾಕ್ ಬೇರೆ, ಸೇವೆ ಬೇರೆ ಅನ್ನುವುದು ಗೊತ್ತಿರಲಿಲ್ಲ. ಇದರ ಫಲ ಜುಲೈನಲ್ಲಿ ಸಿಕ್ಕಿತು. ಆ ಕಥೆ ಆಮೇಲೆ.

ಬೆಂಗಳೂರಿನಿಂದ ನೇರ ವಿಮಾನ, ಭಾನುವಾರ ಬೆಳಗ್ಗೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿದೆವು. ಮಗಳಿಗೆ ದಿನ ತುಂಬುತ್ತಾ ಬಂದಿತ್ತು, ಅಳಿಯನಿಗೆ ಬಿಟ್ಟು ಬರಲು ಆಗುತ್ತಿರಲಿಲ್ಲ. ನಾವೇ ರೈಲು ಹಿಡಿದು ಹೋಗಬೇಕು. ನಿಲ್ದಾಣದಲ್ಲಿ ಪುಕ್ಕಟೆ ವೈ-ಫೈ ಇತ್ತು. ನಮ್ಮಲ್ಲಿಯ ಹಾಗೆ ಮೊಬೈಲಿಗೆ ಬಂದ ಓಟಿಪಿ ಹಾಕಿ ಅಂತ ಕೇಳಲಿಲ್ಲ. ಮಗಳಿಗೆ ವಾಟ್ಸಾಪ್‌ನಲ್ಲಿ "ಇಳಿದೆವು" ಅಂದೆ. ಒಂದು ಅಂಗಡಿಯಲ್ಲಿ ಪ್ರವಾಸಿಗರ ಸಿಮ್ ನೇತುಹಾಕಿದ್ದರು. 40 ಯೂರೋ ಅಂದರು. ಯೂರೋಗೆ ಸುಮಾರು ನೂರು ರೂಪಾಯಿ ಹಿಡಿದರೆ ನಾಲ್ಕು ಸಾವಿರ! ಊರಿಗೆ ಹೋಗಿ ತಗೊಂಡರಾಯಿತು ಅಂತ ಮುಂದೆ ನಡೆದೆ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ ಅಂತ ಯಾರಿಗೆ ಗೊತ್ತಿತ್ತು! ದೊಡ್ಡ ಸ್ಟೇಷನ್ನು, ವಿಮಾನ ನಿಲ್ದಾಣ ಬಿಟ್ಟರೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿರುತ್ತದೆ. ರೈಲಿನಲ್ಲೂ ವೈ-ಫೈ ಇತ್ತು, ಹಾಗಾಗಿ ಹೇಗೋ ದಾಟಿದೆವು. ಆದರೂ ಪ್ಲಾಟ್‌ಫಾರಂನಲ್ಲಿ ನಿಂತ ಹೊತ್ತಿನಲ್ಲಿ, ಇದೇ ರೈಲೋ ಮುಂದಿನದೋ ಅಂತ ಕೇಳಲು ಫೋನಿಲ್ಲದೆ, ಅಂಟಿನುಂಡೆ ಡಬ್ಬ ತುಂಬಿದ ಬ್ಯಾಗು ಹಿಡಿದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದು ಮರೆಯುವುದಿಲ್ಲ.

ಸೋಮವಾರ ಅಳಿಯನ ಜೊತೆ ಸೂಪರ್ ಮಾರ್ಕೆಟ್‌ಗೆ ಹೋದೆವು. ಅಲ್ಲಿ ಸಿಮ್ ಕಾರ್ಡು ಹಾಲು, ಬ್ರೆಡ್ಡಿನ ಜೊತೆ ಬಿಲ್ಲಿಂಗ್ ಕೌಂಟರಿನಲ್ಲೇ ಸಿಗುತ್ತದೆ. ಒಂದಕ್ಕೆ 10 ಯೂರೋ, ಒಳಗೆ ಅಷ್ಟೇ ಬ್ಯಾಲೆನ್ಸ್ ಇರುತ್ತದೆ. ಅದರಲ್ಲೇ ನಾಲ್ಕು ವಾರದ ಪ್ಯಾಕ್ ಹಾಕಿಕೊಳ್ಳಬಹುದು. ಎರಡು ತಗೊಂಡೆವು. ಇಷ್ಟೇನಾ ಅನ್ನಿಸಿತು.

ಅಷ್ಟೇ ಅಲ್ಲ. 2017ರ ಜುಲೈ 1ರಿಂದ ಜರ್ಮನಿಯಲ್ಲಿ ಪ್ರೀಪೇಯ್ಡ್ ಸಿಮ್ ಚಾಲೂ ಆಗಬೇಕಾದರೆ ಗುರುತಿನ ದಾಖಲೆ ಪರೀಕ್ಷೆ ಆಗಲೇಬೇಕು. ಭಯೋತ್ಪಾದನೆ ತಡೆಯುವ ಕಾನೂನಿನಲ್ಲಿ ಬಂದ ನಿಯಮ. ಬ್ರಿಟನ್ನಿನಲ್ಲಿ ಇವತ್ತಿಗೂ ದಾಖಲೆ ಇಲ್ಲದೆ ಅಂಗಡಿಯಲ್ಲಿ ಸಿಮ್ ಕೊಂಡು ಹಾಕಿಕೊಳ್ಳಬಹುದು. ಯುರೋಪ್ ಅಂದರೆ ಎಲ್ಲಾ ಒಂದೇ ಅಂತ ತಿಳಿಯಬೇಡಿ. ಸೂಪರ್ ಮಾರ್ಕೆಟ್ ಸಿಮ್‌ಗೆ ಈ ಪರೀಕ್ಷೆ ವೀಡಿಯೋ ಕರೆಯಲ್ಲಿ ನಡೆಯುತ್ತದೆ. ಆಪ್ ಹಾಕಿಕೊಂಡು, ಹೆಸರು, ಹುಟ್ಟಿದ ದಿನ, ಜರ್ಮನಿಯ ವಿಳಾಸ ತುಂಬಿಸಿ ಕಾಯಬೇಕು. ಆಚೆ ಕಡೆ ಒಬ್ಬರು ಬಂದು ಪಾಸ್‌ಪೋರ್ಟ್ ತೋರಿಸಿ ಅನ್ನುತ್ತಾರೆ.

ಮೊದಲು ಶಾರದಾ ಕೂತಳು. ರೇಷ್ಮೆ ಸೀರೆ ಉಡಬೇಕಾ ಅಂತ ಕೇಳಿದಳು, ಮಗಳು ನಕ್ಕಳು. ಆಚೆಯವರು ಇಂಗ್ಲಿಷಿನಲ್ಲಿ ಮಾತಾಡಿದರು. ಪಾಸ್‌ಪೋರ್ಟನ್ನು ಓರೆ ಮಾಡಿ, ಹಾಗೇ ಹೀಗೆ ತಿರುಗಿಸಿ, ಫೋಟೋದ ಮೇಲೆ ಬೆರಳು ಆಡಿಸಿ, ನಂಬರ್ ಓದಿ, ಬಂದ ಕೋಡ್ ಹಾಕಿ. ಆರು ನಿಮಿಷದಲ್ಲಿ ಮುಗಿಯಿತು. ಒಂದು ಗಂಟೆಯೊಳಗೆ ಸಿಮ್ ಜೀವ ಪಡೆಯಿತು.

ನನ್ನ ಸರದಿ ಬಂತು. ಇಲ್ಲಿಂದ ಶುರು ನೋಡಿ ನಿಜವಾದ ಕಷ್ಟ.

ನನ್ನ ಪಾಸ್‌ಪೋರ್ಟಿನಲ್ಲಿ ಹೆಸರಿನ ಜಾಗದಲ್ಲಿ ಇರುವುದು ಹೊಸಕೊಪ್ಪ ಸುಬ್ಬರಾವ್ ನಾಗೇಶ. ಊರು, ಅಪ್ಪ, ನಾನು. ಮೂರೂ ಒಂದೇ ಸಾಲಿನಲ್ಲಿ. ಸರ್‌ನೇಮ್ ಜಾಗ ಖಾಲಿ. ಹೆಚ್.ಎಸ್. ನಾಗೇಶ ಅಂತ ಅರವತ್ತು ವರ್ಷ ಬದುಕಿದವನಿಗೆ ಸರ್‌ನೇಮ್ ಎಲ್ಲಿಂದ ಬರಬೇಕು? ಮಾಡಿಸುವಾಗ ಏಜೆಂಟ್ ಹುಡುಗ, "ಖಾಲಿ ಬಿಟ್ರೂ ನಡೆಯುತ್ತೆ ಸಾರ್" ಅಂದಿದ್ದ. ವೀಸಾ ಬಂತು, ವಿಮಾನ ಹತ್ತಿಸಿದರು, ಎಲ್ಲೂ ತೊಂದರೆ ಆಗಲಿಲ್ಲ. ಶಾರದಾ ಪಾಸ್‌ಪೋರ್ಟಿನಲ್ಲಿ ಅವಳ ಹೆಸರು ಒಂದು ಕಡೆ, ಸರ್‌ನೇಮ್ ಜಾಗದಲ್ಲಿ ನಾಗೇಶ. ಅಂದರೆ ನನ್ನ ಹೆಸರು ಅವಳಿಗೆ ಸರ್‌ನೇಮ್ ಆಗುತ್ತದೆ, ನನಗೇ ಆಗುವುದಿಲ್ಲ!

ಜರ್ಮನ್ ಫಾರಂನಲ್ಲಿ ಎರಡು ಚೌಕ. ಫೋರ್‌ನಾಮೆ ಅಂದರೆ ಸ್ವಂತ ಹೆಸರು, ನಾಖ್‌ನಾಮೆ ಅಂದರೆ ಮನೆತನದ ಹೆಸರು. ಎರಡನೆಯದನ್ನು ಖಾಲಿ ಬಿಟ್ಟರೆ ಕೆಂಪು ಗೆರೆ ಬಂದು ಮುಂದಕ್ಕೇ ಹೋಗುವುದಿಲ್ಲ. ಸರಿ, ಹೆಸರನ್ನು ಒಡೆದು ನಾಗೇಶವನ್ನು ಅಲ್ಲಿ ಹಾಕಿದೆ. ವೀಡಿಯೋದಲ್ಲಿದ್ದವರು ಪಾಸ್‌ಪೋರ್ಟ್ ನೋಡಿ, ಇಲ್ಲಿ ಆ ಜಾಗ ಖಾಲಿ ಇದೆ, ನೀವು ಬರೆದದ್ದಕ್ಕೂ ಇದಕ್ಕೂ ತಾಳೆಯಾಗುತ್ತಿಲ್ಲ, ಕ್ಷಮಿಸಿ ಅಂತ ಕರೆ ಮುಗಿಸಿದರು. ಎರಡನೇ ಸಲ ಪೂರಾ ಹೆಸರನ್ನು ಮೊದಲ ಚೌಕದಲ್ಲಿ ತುಂಬಿ, ಎರಡನೆಯದರಲ್ಲಿ ಒಂದು ಚುಕ್ಕಿ ಇಟ್ಟೆ. ಅದನ್ನೂ ಒಪ್ಪಲಿಲ್ಲ. ಮರುದಿನ ಬೇರೆ ಯಾರಾದರೂ ಸಿಗಬಹುದು ಅಂತ ಮತ್ತೆ ಕೂತೆ. ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಅದೇ ಉತ್ತರ. ಮೂವತ್ತೈದು ವರ್ಷ ಹಾಜರಿ ಕರೆದವನು ನಾನು. ನನ್ನ ಹೆಸರಿಗೇ ಗೈರುಹಾಜರಿ ಬಿತ್ತು.

ಸಿಟ್ಟು ಬಂತು ಅಂದರೆ ಸುಳ್ಳಾಗುತ್ತದೆ. ನಾಚಿಕೆಯಾಯಿತು. ಅಳಿಯನ ಎದುರು, ಒಂದು ಸಿಮ್ ಕಾರ್ಡಿಗೆ, ನಾನು ನಾನೇ ಅಂತ ಸಾಬೀತು ಮಾಡಲು ಆಗಲಿಲ್ಲವಲ್ಲ ಅಂತ.

ಅಳಿಯ ಇನ್ನೊಂದು ಕಂಪನಿಯ ಸಿಮ್ ಆನ್‌ಲೈನ್‌ನಲ್ಲಿ ತರಿಸಲು ನೋಡಿದರು. ಇದರಲ್ಲಿ ಗುರುತಿನ ಪರೀಕ್ಷೆ ಅಂಚೆ ಕಚೇರಿಯಲ್ಲಿ. ಒಂದು ಚೀಟಿ ಮುದ್ರಿಸಿಕೊಂಡು ಪಾಸ್‌ಪೋರ್ಟ್ ಸಮೇತ ಹೋದರೆ, ಅಲ್ಲಿಯವರು ನೋಡಿ ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ಕೌಂಟರಿನಲ್ಲಿದ್ದ ಹೆಂಗಸು ಸ್ವಲ್ಪ ಹೊತ್ತು ಖಾಲಿ ಜಾಗ ದಿಟ್ಟಿಸಿದರು, ಪಕ್ಕದವರನ್ನು ಕೇಳಿದರು, ಕೊನೆಗೆ ಠಸ್ಸೆ ಹಾಕಿದರು. ನನಗೆ ಗೆದ್ದಷ್ಟು ಖುಷಿ. ನಾಲ್ಕು ದಿನದಲ್ಲಿ ಸಿಮ್ ಅಂಚೆಯಲ್ಲಿ ಬರಬೇಕು.

ಒಂಬತ್ತು ದಿನವಾದರೂ ಬರಲಿಲ್ಲ. ವಿಚಾರಿಸಿದರೆ, ವಿಳಾಸದಲ್ಲಿ ಅಂಥವರು ಯಾರೂ ಇಲ್ಲ ಅಂತ ವಾಪಸ್ ಹೋಗಿದೆ! ಆಗ ಗೊತ್ತಾಯಿತು. ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆ ನಂಬರ್ ಇರುವುದು ಅಪರೂಪ. ಕಾಲಿಂಗ್ ಬೆಲ್ಲಿನ ಮೇಲೆ, ಅಂಚೆ ಡಬ್ಬದ ಮೇಲೆ ಬರೆದ ಹೆಸರೇ ವಿಳಾಸ. ಡಬ್ಬದ ಮೇಲೆ ಇದ್ದದ್ದು ಅಳಿಯನ ಹೆಸರು, ಮಗಳ ಹೆಸರು. ನನ್ನದಿಲ್ಲ. ಅಂಚೆಯವರು ನಿಯಮದಂತೆ ವಾಪಸ್ ಕಳಿಸಿದ್ದರು. ಸಾಗರದಲ್ಲಿ 'ನಾಗೇಶ ಮೇಷ್ಟ್ರು' ಅಂತಷ್ಟೇ ಬರೆದ ಮದುವೆ ಕಾಗದವೂ ನನ್ನ ಕೈ ಸೇರಿದೆ. ನೀವು ಮಗಳ ಮನೆಗೆ ಏನಾದರೂ ತರಿಸುವುದಿದ್ದರೆ, ಹೋದ ದಿನವೇ ಡಬ್ಬದ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಿ. ಇಲ್ಲವೇ 'ಇಂಥವರ ಮನೆಯಲ್ಲಿ' ಅಂತ ವಿಳಾಸದಲ್ಲೇ ಬರೆಸಿ. ಕೊಟ್ಟ 10 ಯೂರೋ ಮೂರು ವಾರದ ಮೇಲೆ ಅಳಿಯನ ಖಾತೆಗೆ ವಾಪಸ್ ಬಂತು.

ಇಷ್ಟು ದಿನ ನಾನು ಶಾರದಾ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಬದುಕಿದೆ. ಅಂದರೆ ಮನೆಯಿಂದ ಹೊರಬಿದ್ದರೆ ಅವಳಿಂದ ಹತ್ತು ಹೆಜ್ಜೆ ದೂರ ಹೋಗುವ ಹಾಗಿಲ್ಲ. "ಮದುವೆಯಾದ ಹೊಸದರಲ್ಲೂ ಹೀಗೆ ಹಿಂದೆ ಹಿಂದೆ ಬರ್ತಿರಲಿಲ್ಲ ನೀವು" ಅಂತ ಅಂಗಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದಳು. ಅಲ್ಲಿ ಯಾರಿಗೆ ಕನ್ನಡ ಬರುತ್ತೆ, ಬಿಡಿ.

ದಾರಿ ಸಿಕ್ಕಿದ್ದು ಕರಿಬೇವಿನಿಂದ. ಊರಿನಲ್ಲಿ ಶ್ರೀಲಂಕಾದ ತಮಿಳರೊಬ್ಬರ ದಿನಸಿ ಅಂಗಡಿ ಇತ್ತು. ಕರಿಬೇವು, ನುಗ್ಗೆಕಾಯಿ, ತೆಂಗಿನಕಾಯಿ ಎಲ್ಲಾ ಸಿಗುತ್ತದೆ. ಗಲ್ಲಾಪೆಟ್ಟಿಗೆ ಹಿಂದೆ ಹೊರದೇಶದ ಕರೆಗೆ ಅಂತ ಇರುವ ಸಿಮ್ ಕಾರ್ಡುಗಳ ಸಾಲು. ಅಂಗಡಿಯವರು ಯಾಳ್ಪಾಣ, ಅಂದರೆ ಜಾಫ್ನಾದ ಕಡೆಯವರಂತೆ. ನನ್ನ ಹರಕು ತಮಿಳಿನಲ್ಲಿ ಕಥೆ ಹೇಳಿಕೊಂಡೆ. ಅವರು ಪಾಸ್‌ಪೋರ್ಟ್ ತೆರೆದು ನೋಡಿ ನಕ್ಕುಬಿಟ್ಟರು. ಅವರಲ್ಲೂ ಹಾಗೇ ಅಲ್ವಾ, ಅಪ್ಪನ ಹೆಸರು ಮುಂದೆ, ತನ್ನ ಹೆಸರು ಹಿಂದೆ, ಮನೆತನದ ಹೆಸರು ಅನ್ನುವುದೇ ಇಲ್ಲ. ಅಂಗಡಿಯಲ್ಲೇ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ, ಪೂರಾ ಹೆಸರನ್ನು ಎರಡೂ ಚೌಕದಲ್ಲಿ ತುಂಬಿ, ಕಳಿಸಿದರು. ಇಪ್ಪತ್ತು ನಿಮಿಷ ಕೂರಿಸಿ ಚಹಾ ಕೊಟ್ಟರು. ಸಿಮ್ ಚಾಲೂ ಆಯಿತು. ಜರ್ಮನಿಯ ದಾಖಲೆಯಲ್ಲಿ ಈಗ ನಾನು ಹೊಸಕೊಪ್ಪ ಸುಬ್ಬರಾವ್ ನಾಗೇಶ ಹೊಸಕೊಪ್ಪ ಸುಬ್ಬರಾವ್ ನಾಗೇಶ.

ಇದು ಎಲ್ಲರಿಗೂ ಹೀಗೇ ನಡೆಯುತ್ತದೆ ಅಂತ ಹೇಳಲಾರೆ. ಆದರೆ ವೀಡಿಯೋದಲ್ಲಿ ಆಗದ್ದು ಎದುರಾಎದುರು ಕೂತಾಗ ಆಗುತ್ತದೆ. ಮೊದಲ ದಿನವೇ ಅಂಗಡಿಗೆ ಹೋಗಿದ್ದರೆ ಎರಡು ವಾರ ಉಳಿಯುತ್ತಿತ್ತು. ಇನ್ನೊಂದು ಲಾಭವೂ ಆಯಿತು. ಸೂಪರ್ ಮಾರ್ಕೆಟ್ ಸಿಮ್ಮಿನ ಪ್ಯಾಕಿನಲ್ಲಿ ಜರ್ಮನಿಯೊಳಗಿನ ಕರೆ ಸೇರಿರುತ್ತದೆ, ಭಾರತಕ್ಕೆ ಮಾಡುವ ಕರೆ ಸೇರಿರುವುದಿಲ್ಲ. ಇದರಲ್ಲಿ ಭಾರತಕ್ಕೂ ನಿಮಿಷಗಳಿದ್ದವು. ಊರಿನಲ್ಲಿರುವ ನಮ್ಮಣ್ಣನಿಗೆ ಸ್ಮಾರ್ಟ್‌ಫೋನ್ ಇಲ್ಲ, ವಾಟ್ಸಾಪ್ ಇಲ್ಲ. ಅವನಿಗೆ ಮಾಮೂಲಿ ಕರೆಯೇ ಆಗಬೇಕು. ಮೊದಲ ಸಲ ಮಾಡಿದಾಗ ಹೋಗಲೇ ಇಲ್ಲ. ಯಾಕೆಂದರೆ ಫೋನಿನಲ್ಲಿ ಅವನ ನಂಬರ್ ಬರೀ ಹತ್ತು ಅಂಕಿ. ಹೊರಡುವ ಮುನ್ನ ಮುಖ್ಯವಾದವರ ನಂಬರ್‌ಗಳನ್ನೆಲ್ಲ ಮುಂದೆ +91 ಸೇರಿಸಿ ಉಳಿಸಿಕೊಳ್ಳಿ. ಹಾಗೇ ಹೊಸ ಸಿಮ್ ಹಾಕಿದ ಮೇಲೆ ವಾಟ್ಸಾಪ್ ನಂಬರ್ ಬದಲಿಸಬೇಕೇ ಅಂತ ಕೇಳಿದರೆ ಬೇಡ ಅನ್ನಿ. ಹಳೇ ನಂಬರಿನಲ್ಲೇ ಅದು ನಡೆಯುತ್ತದೆ.

ಈಗ ಜೂನ್ ಮಧ್ಯದ ಆ ಬೆಳಗಿನ ಜಾವಕ್ಕೆ ಬರುತ್ತೇನೆ.

ರಾತ್ರಿ ಒಂದು ಗಂಟೆಗೆ ಮಗಳಿಗೆ ನೋವು ಶುರುವಾಯಿತು. ಅಳಿಯ, ಶಾರದಾ ಇಬ್ಬರೂ ಅವಳ ಜೊತೆ ಆಸ್ಪತ್ರೆಗೆ ಹೋದರು. ನನ್ನನ್ನು ಮನೆಯಲ್ಲಿ ಬಿಟ್ಟರು. ಐದು ಗಂಟೆಗೆ ಅಳಿಯನ ಕರೆ. "ಮಾವ, ಗಾಬರಿಯಲ್ಲಿ ಬ್ಯಾಗೇ ಮರೆತಿದ್ದೇವೆ. ಟ್ರಾಮ್ ಹಿಡಿದು ಬನ್ನಿ. ಗೇಟಿನ ಹತ್ತಿರ ಬಂದು ಫೋನ್ ಮಾಡಿ, ಕೆಳಗೆ ಬರ್ತೀನಿ." ಬ್ಯಾಗು ಹಿಡಿದು ಹೊರಟೆ. ಟ್ರಾಮಿನಲ್ಲಿ ನಕ್ಷೆ ನೋಡೋಣ ಅಂದರೆ ಫೋನು ಅಲ್ಲಾಡುತ್ತಿಲ್ಲ. ಒಂದು ಸಲ ಆಫ್ ಮಾಡಿ ಆನ್ ಮಾಡಿದೆ. ಆನ್ ಆದ ಫೋನು ಸಿಮ್ ಪಿನ್ ಹಾಕು ಅಂತ ಕೇಳಿತು.

ನಮ್ಮ ದೇಶದ ಸಿಮ್‌ನಲ್ಲಿ ಇದನ್ನು ನಾನು ಕಂಡೇ ಇರಲಿಲ್ಲ. ಜರ್ಮನಿಯ ಸಿಮ್‌ಗೆ ನಾಲ್ಕಂಕಿಯ ಪಿನ್ ಮೊದಲೇ ಹಾಕಿರುತ್ತಾರೆ. ಫೋನು ಆಫ್ ಆಗಿ ಆನ್ ಆದಾಗೆಲ್ಲ ಅದನ್ನು ಒತ್ತಬೇಕು. ಅಂಗಡಿಯವರು ಮೊದಲ ಸಲ ತಾವೇ ಒತ್ತಿ ಕೊಟ್ಟಿದ್ದರು, ನಾನು ಗಮನಿಸಿರಲಿಲ್ಲ. 1234 ಒತ್ತಿದೆ. ಆಗಲಿಲ್ಲ. ನಾಲ್ಕು ಸೊನ್ನೆ ಒತ್ತಿದೆ. ಆಗಲಿಲ್ಲ. ಬುದ್ಧಿಗೇಡಿತನಕ್ಕೆ ಎಟಿಎಂ ಪಿನ್ ಒತ್ತಿದೆ. ಮೂರು ತಪ್ಪಿಗೆ ಸಿಮ್ ಬೀಗ ಹಾಕಿಕೊಂಡಿತು. ಈಗ ಪಿಯುಕೆ ಅನ್ನುವ ಎಂಟಂಕಿಯ ಇನ್ನೊಂದು ಕೋಡ್ ಬೇಕಂತೆ. ಅದನ್ನೂ ಹತ್ತು ಸಲ ತಪ್ಪು ಹಾಕಿದರೆ ಸಿಮ್ ಕಸಕ್ಕೆ.

ಆಸ್ಪತ್ರೆ ಅಂದರೆ ಒಂದು ಕಟ್ಟಡ ಅಂದುಕೊಂಡಿದ್ದೆ. ಅದು ಒಂದು ಬಡಾವಣೆಯಷ್ಟು ದೊಡ್ಡದು. ಚಳಿ ಬೇರೆ. ಯಾವ ಕಟ್ಟಡದಲ್ಲಿ ಮಗಳಿದ್ದಾಳೋ, ಏನಾಗುತ್ತಿದೆಯೋ. ಕೈಯಲ್ಲಿ ಬ್ಯಾಗು, ಸತ್ತ ಫೋನು. ಅಳಿಯನ ನಂಬರ್ ಬಾಯಿಗೆ ಬರುವುದಿಲ್ಲ. ಈಗ ಯಾರ ನಂಬರ್ ತಾನೇ ಬಾಯಿಗೆ ಬರುತ್ತದೆ? ಆಗ ನೆನಪಾಯಿತು, ಪರ್ಸಿನಲ್ಲಿ ಒಂದು ಚೀಟಿ ಇದೆ. ಸಾಗರದಿಂದ ಹೊರಡುವ ದಿನ ಶಾರದಾ ಎಲ್ಲರ ನಂಬರ್ ಬರೆದು ಇಟ್ಟಿದ್ದಳು. "ಈ ಕಾಲದಲ್ಲಿ ಇದೆಲ್ಲ ಯಾಕೆ ಕಣೇ" ಅಂತ ನಾನು ನಕ್ಕಿದ್ದೆ. ಕೆಲಸ ಮುಗಿಸಿ ಹೊರಬರುತ್ತಿದ್ದ ಒಬ್ಬ ನರ್ಸಮ್ಮನಿಗೆ ಚೀಟಿ ತೋರಿಸಿ ಕೈ ಮುಗಿದೆ. ಅವರೇ ಒತ್ತಿ, ಅವರೇ ಜರ್ಮನ್‌ನಲ್ಲಿ ಮಾತಾಡಿ, ನನ್ನನ್ನು ಕಟ್ಟಡದ ಬಾಗಿಲಿಗೆ ಬಿಟ್ಟರು. ಆರೂವರೆಗೆ ಮೊಮ್ಮಗಳು ಹುಟ್ಟಿದಳು. 3 ಕೆಜಿ 100 ಗ್ರಾಂ.

ಪಿಯುಕೆ ಕಥೆ ಮುಗಿಸಿಬಿಡುತ್ತೇನೆ. ಸಿಮ್ಮನ್ನು ಮುರಿದು ತೆಗೆದ ಮೇಲೆ ದೊಡ್ಡ ಪ್ಲಾಸ್ಟಿಕ್ ಕಾರ್ಡ್ ಉಳಿಯುತ್ತದಲ್ಲ, ಪಿನ್ನೂ ಪಿಯುಕೆಯೂ ಇರುವುದು ಅದರ ಮೇಲೆ. ನಾನು ಅದನ್ನು ಶಿಸ್ತಾಗಿ ಪ್ಲಾಸ್ಟಿಕ್ ಕಸದ ಹಳದಿ ಚೀಲಕ್ಕೆ ಹಾಕಿದ್ದೆ. ಪುಣ್ಯಕ್ಕೆ ಚೀಲ ಒಯ್ಯುವ ದಿನ ಇನ್ನೂ ಬಂದಿರಲಿಲ್ಲ. ಮೊಮ್ಮಗಳು ಹುಟ್ಟಿದ ದಿನ ಸಂಜೆ ತಾತ ಮೊಸರಿನ ಡಬ್ಬಗಳ ನಡುವೆ ಕೈಯಾಡಿಸುತ್ತಾ ಕೂತಿದ್ದ. ಸಿಕ್ಕಿತು. ನೀವು ಸಿಮ್ ಹಾಕಿದ ಕೂಡಲೇ ಆ ಕಾರ್ಡಿನ ಫೋಟೋ ಮಗಳ ಫೋನಿಗೆ ಕಳಿಸಿ, ನಿಮ್ಮ ಫೋನಿನಲ್ಲಷ್ಟೇ ಇಟ್ಟುಕೊಂಡರೆ ಸಾಲದು. ಸೆಟ್ಟಿಂಗ್ಸ್‌ಗೆ ಹೋಗಿ ಪಿನ್ ಕೇಳದ ಹಾಗೆ ಮಾಡಲೂ ಬರುತ್ತದೆ. ನಾನು ಅವತ್ತೇ ಮಾಡಿದೆ.

ಜುಲೈ. ಆದಾಯ ತೆರಿಗೆ ರಿಟರ್ನ್ ಹಾಕುವ ತಿಂಗಳು. ಎಲ್ಲಾ ತುಂಬಿ ಕೊನೆಗೆ ಆಧಾರ್ ಓಟಿಪಿ ಹಾಕು ಅಂತು. ಭಾರತದ ಸಿಮ್ ಫೋನಿನ ಎರಡನೇ ಗೂಡಿನಲ್ಲಿ ಇತ್ತು, ಆದರೆ ಸಿಗ್ನಲ್ ಇಲ್ಲ. ರೋಮಿಂಗ್ ಸೇವೆಯೇ ಚಾಲೂ ಇಲ್ಲವಲ್ಲ! ಚಾಲೂ ಮಾಡಲು ಕಂಪನಿಯ ಆಪ್‌ಗೆ ಹೋದರೆ, ಒಳಗೆ ಬಿಡಲು ಅದೇ ನಂಬರಿಗೆ ಓಟಿಪಿ ಕಳಿಸುತ್ತೇನೆ ಅನ್ನುತ್ತದೆ. ಬೀಗದ ಕೈ ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗಾಯಿತು. ಎರಡು ದಿನ ಒದ್ದಾಡಿದ ಮೇಲೆ ಶಿವಮೊಗ್ಗದಲ್ಲಿರುವ ಅಣ್ಣನ ಮಗ ದಾರಿ ಹುಡುಕಿದ. "ಚಿಕ್ಕಪ್ಪ, ನಿಮ್ಮ ನಂಬರಿಗೆ ನಾನೇ ಇಲ್ಲಿಂದ ರೋಮಿಂಗ್ ರೀಚಾರ್ಜ್ ಮಾಡ್ತೀನಿ, ಅದರ ಜೊತೆ ಸೇವೆ ಚಾಲೂ ಆಗುತ್ತೆ." ಸುಮಾರು 900 ರೂಪಾಯಿ ಆಯಿತು. ನೆಟ್‌ವರ್ಕನ್ನು ಕೈಯಾರೆ ಆರಿಸಿ ಅರ್ಧ ಗಂಟೆ ಕಾದ ಮೇಲೆ, ಟಣ್ ಟಣ್ ಅಂತ ಮೆಸೇಜುಗಳು ಸುರಿದವು. ಮೊದಲನೇ ಕರೆ ಬಂದದ್ದೂ ಆ ನಂಬರಿಗೇ. ಎತ್ತಿದರೆ, "ಸಾರ್, ಪರ್ಸನಲ್ ಲೋನ್ ಬೇಕಿತ್ತಾ?" ಪ್ಯಾಕಿನ ಎರಡು ನಿಮಿಷ ಅವರ ಪಾಲಾಯಿತು.

ಹಾಗಾಗಿ ಇದನ್ನು ಗೋಡೆಗೆ ಬರೆದು ಅಂಟಿಸಿ. ಊರು ಬಿಡುವ ಮುನ್ನ ನಿಮ್ಮ ಸಿಮ್‌ಗೆ ರೋಮಿಂಗ್ ಸೇವೆ ಚಾಲೂ ಮಾಡಿಸಿ, ವಾಪಸ್ ಬರುವವರೆಗೂ ಅವಧಿ ಇರುವ ರೀಚಾರ್ಜ್ ಹಾಕಿಸಿ. ಸೇವೆ ಚಾಲೂ ಇದ್ದರೆ ಬರುವ ಮೆಸೇಜಿಗೆ ಸಾಮಾನ್ಯವಾಗಿ ದುಡ್ಡು ಹೋಗುವುದಿಲ್ಲ, ಬರುವ ಕರೆ ಎತ್ತಿದರೆ ಹೋಗುತ್ತದೆ. ಆ ಸಿಮ್ಮಿನ ಡೇಟಾ ಮಾತ್ರ ಬಂದ್ ಇರಲಿ. ಒಂದು ಸಿಮ್ ಸಿಗ್ನಲ್ ಕಳೆದುಕೊಂಡರೆ ಇನ್ನೊಂದಕ್ಕೆ ತಾನೇ ಹಾರುವ ಸೆಟ್ಟಿಂಗ್ ಕೆಲವು ಫೋನಿನಲ್ಲಿ ಇರುತ್ತದೆ, ಅದನ್ನೂ ಬಂದ್ ಮಾಡಿ. ಭಾರತದ ಸಿಮ್ಮನ್ನು ಫೋನಿನಿಂದ ತೆಗೆದು ಪರ್ಸಿನಲ್ಲಿ ಇಡಬೇಡಿ. ನಮ್ಮ ಸ್ನೇಹಿತರೊಬ್ಬರು ಹಾಗೆ ಮಾಡಿ, ಯುಪಿಐ ಆಪ್ ಅವರನ್ನು ಹೊರಗೆ ಹಾಕಿತು. ಮತ್ತೆ ನೋಂದಾಯಿಸಲು ಅದೇ ಸಿಮ್ಮಿನಿಂದ ಮೆಸೇಜ್ ಹೋಗಬೇಕು. ಎರಡು ಸಿಮ್ ಹಿಡಿಸುವ ಫೋನ್ ಇಲ್ಲದಿದ್ದರೆ, ಒಂದು ಹಳೇ ಫೋನನ್ನು ಇದಕ್ಕೆ ಅಂತಲೇ ಒಯ್ಯಿರಿ.

ಬಾಣಂತಿ, ಮಗು ಸ್ವಲ್ಪ ಸುಧಾರಿಸಿದ ಮೇಲೆ ನನಗೆ ಎರಡು ದಿನ ರಜಾ ಸಿಕ್ಕಿತು. ಶಾರದಾ ಕದಲಲಿಲ್ಲ. ಅವಳಿಗೆ ಎಣ್ಣೆನೀರು, ಸಾರು, ಲೇಹ್ಯವೇ ಪ್ರಪಂಚ. ಒಬ್ಬನೇ ಫ್ರಾನ್ಸಿನ ಕೋಲ್ಮಾರ್‌ಗೆ ಹೋಗಿ ಬಂದೆ. ರೈನ್ ನದಿ ದಾಟಿದರೆ ಸಾಕು, ಬೇರೆ ದೇಶ. ರೋಮಿಂಗ್ ಆನ್ ಮಾಡಿದೆ, ಫೋನು ಜರ್ಮನಿಯಲ್ಲಿದ್ದ ಹಾಗೇ ನಡೆಯಿತು. 2017ರ ಜೂನ್ 15ರಿಂದ ಯುರೋಪಿಯನ್ ಒಕ್ಕೂಟದೊಳಗೆ ರೋಮಿಂಗ್‌ಗೆ ಜಾಸ್ತಿ ಹಣ ಇಲ್ಲ. ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್ ಕೂಡ ಇದರಲ್ಲಿ ಸೇರಿವೆ.

ಅದೇ ಧೈರ್ಯದಲ್ಲಿ ಮುಂದಿನ ವಾರ ಬಾಸೆಲ್‌ಗೆ ಹೊರಟೆ. ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿ ಇಲ್ಲ. ಗೊತ್ತಿತ್ತು, ಗಡಿ ದಾಟುವ ಮುಂಚೆ ರೋಮಿಂಗ್ ಬಂದ್ ಮಾಡಿದರಾಯಿತು ಅಂದುಕೊಂಡಿದ್ದೆ. ಆದರೆ ಗಡಿ ಎಲ್ಲಿ? ಬಾಡಿಷರ್ ಬಾನ್‌ಹೋಫ್ ಅಂತ ಒಂದು ಸ್ಟೇಷನ್ ಬರುತ್ತದೆ. ನಿಂತಿರುವುದು ಸ್ವಿಸ್ ನೆಲದಲ್ಲಿ, ನಡೆಸುವುದು ಜರ್ಮನ್ ರೈಲ್ವೆ. ಜರ್ಮನ್ ಬೋರ್ಡು ನೋಡಿಕೊಂಡು ನಾನಿನ್ನೂ ಜರ್ಮನಿಯಲ್ಲೇ ಇದ್ದೇನೆ ಅಂತ ಆರಾಮಾಗಿ ಕೂತಿದ್ದೆ. ಅಷ್ಟರಲ್ಲಿ ಫೋನು ಸ್ವಿಸ್ ನೆಟ್‌ವರ್ಕ್ ಹಿಡಿದು, ಕೋಲ್ಮಾರ್‌ನ ಫೋಟೋಗಳನ್ನೆಲ್ಲ ಮೇಲಕ್ಕೆ ಏರಿಸುತ್ತಾ ಕೂತಿತ್ತು. ಬ್ಯಾಲೆನ್ಸ್‌ನಲ್ಲಿದ್ದ 8 ಯೂರೋ ಕೆಲವೇ ನಿಮಿಷದಲ್ಲಿ ಸೊನ್ನೆ. ಪ್ರೀಪೇಯ್ಡ್ ಆದ್ದರಿಂದ ಅಲ್ಲಿಗೇ ನಿಂತಿತು. ಪೋಸ್ಟ್‌ಪೇಯ್ಡ್ ಆಗಿದ್ದರೆ ಅಂತ ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಗಡಿಯ ಊರುಗಳಲ್ಲಿ ಈ ಕಡೆ ನಿಂತಿದ್ದರೂ ಆ ಕಡೆಯ ನೆಟ್‌ವರ್ಕ್ ಹಿಡಿಯುತ್ತದೆ. ಮನೆ ಬಿಡುವಾಗಲೇ ಬಂದ್ ಮಾಡಿ.

ಒಟ್ಟು ಖರ್ಚು ಕೇಳುತ್ತೀರಿ. ಶಾರದಾ ಸಿಮ್‌ಗೆ ಮೂರು ಪ್ಯಾಕು ಸೇರಿ 30 ಯೂರೋ. ನನ್ನದಕ್ಕೆ 20, ಬಾಸೆಲ್‌ನಲ್ಲಿ ಹೋದದ್ದು 8. ಶಾರದಾ ಸಿಮ್ ಜೊತೆ ತಂದು, ಕೊನೆಗೂ ಚಾಲೂ ಆಗದ ನನ್ನ ಮೊದಲ ಸಿಮ್‌ನ 10 ವಾಪಸ್ ಬರಲಿಲ್ಲ. ಶಿವಮೊಗ್ಗದ ರೀಚಾರ್ಜೂ ಸೇರಿ ಇಬ್ಬರಿಗೆ ಎಂಟು ಸಾವಿರ ರೂಪಾಯಿಯ ಒಳಗೆ ಮೂರು ತಿಂಗಳು. ಬ್ಯಾಲೆನ್ಸ್ ತುಂಬಿಸಲು ಊರಿನ ಕಾರ್ಡು, ಓಟಿಪಿ ಅಂತ ಕಷ್ಟಪಡಬೇಕಿಲ್ಲ. ಸೂಪರ್ ಮಾರ್ಕೆಟ್ ಕೌಂಟರಿನಲ್ಲಿ ನಗದು ಕೊಟ್ಟರೆ ಕೋಡ್ ಇರುವ ರಸೀದಿ ಕೊಡುತ್ತಾರೆ, ಒತ್ತಿದರೆ ಆಯಿತು.

ನಿನ್ನೆ ರಾತ್ರಿ ಮಗಳು ಕರೆ ಮಾಡಿದ್ದಳು. ಮಗುವಿಗೆ ಭಾರತದ ಪಾಸ್‌ಪೋರ್ಟ್ ಮಾಡಿಸಲು ಅರ್ಜಿ ತುಂಬಿಸುತ್ತಾ ಕೂತಿದ್ದಾರಂತೆ. "ಅಪ್ಪ, ಸರ್‌ನೇಮ್ ಜಾಗದಲ್ಲಿ ಏನು ಬರೆಯೋಣ? ಇವರ ಹೆಸರಾ, ಇವರಪ್ಪಂದಾ, ಅಥವಾ ಊರಿನ ಹೆಸರಾ?"

"ಯಾವುದಾದ್ರೂ ಬರಿ ಮಾರಾಯ್ತಿ" ಅಂದೆ. "ಖಾಲಿ ಮಾತ್ರ ಬಿಡಬೇಡ."